ಅರ್ಧಕ್ಕೆ ನಿಂತ ಜಾಬ್ ಯಾರ ಪಾಲಿಗೆ?

(ಬೆಂಗಳೂರಿನಲ್ಲಿ ಕನ್ನಡದ ಸಾಫ್ಟ್‌ವೇರ್ ಕೆಲಸಗಾರರ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತು. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾತ್ರಿ ಎರಡು ಗಂಟೆಗೆ ಒಂದು ಸರ್ವರ್ ಸತ್ತಿತು ಅಂದುಕೊಳ್ಳಿ. ಅದು ಬರೀ ವೆಬ್ ಸರ್ವರ್ ಆಗಿದ್ದರೆ ಅಂಥ ತಲೆನೋವೇನಿಲ್ಲ. ಲೋಡ್ ಬ್ಯಾಲೆನ್ಸರ್ ಆ ಯಂತ್ರವನ್ನು ಪಕ್ಕಕ್ಕಿಡುತ್ತದೆ, ಬಳಕೆದಾರರು ಇನ್ನೊಮ್ಮೆ ಬಟನ್ ಒತ್ತುತ್ತಾರೆ, ಕೆಲಸ ಸಾಗುತ್ತದೆ. ಆದರೆ ಅದರ ಮೇಲೆ ಖಾತೆಗಳಿಗೆ ಬಡ್ಡಿ ಸೇರಿಸುವ ಜಾಬ್, ಅಂದರೆ ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ, ನಡೆಯುತ್ತಿತ್ತು. 40,000 ಖಾತೆಗಳಲ್ಲಿ ಕೆಲವಕ್ಕೆ ಬಡ್ಡಿ ಸೇರಿದೆ, ಕೆಲವಕ್ಕೆ ಸೇರಿಲ್ಲ. ಇನ್ನೊಮ್ಮೆ ಬಟನ್ ಒತ್ತಲು ಆ ಹೊತ್ತಿನಲ್ಲಿ ಅಲ್ಲಿ ಯಾರೂ ಕೂತಿಲ್ಲ. ಒತ್ತಿದರೂ ಮೊದಲ ಕೆಲವು ಖಾತೆಗಳಿಗೆ ಎರಡು ಸಲ ಬಡ್ಡಿ ಬೀಳುತ್ತದೆ.

ಇಂಥ ಹೊತ್ತಿನಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನ ಒಂದಿದೆ: ‘ಕ್ಲಸ್ಟರ್ ಹಾಕಿದ್ದೀವಲ್ಲ, ಇನ್ನೊಂದು ನೋಡ್ ನೋಡಿಕೊಳ್ಳುತ್ತೆ.’ ಕ್ಲಸ್ಟರ್ ಎಂದರೆ ಒಂದೇ ಕೆಲಸಕ್ಕೆ ಒಟ್ಟಿಗೆ ನಿಂತ ಯಂತ್ರಗಳ ಗುಂಪು, ಅದರ ಒಂದೊಂದು ಯಂತ್ರ ಒಂದೊಂದು ನೋಡ್. ಈ ಮಾತು ಎಷ್ಟು ದೂರ ನಿಜ, ಎಲ್ಲಿಂದಾಚೆ ನಿಜವಲ್ಲ ಎಂಬುದನ್ನು ಇವತ್ತು ಬಿಡಿಸಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಬ್‌ಗಳನ್ನು ಹೊತ್ತಿಗೆ ಸರಿಯಾಗಿ ಶುರುಮಾಡುವ ಷೆಡ್ಯೂಲರ್‌ಗೆ ಗೊತ್ತಿರುವುದು ಜಾಬ್ ಶುರುವಾಯಿತು ಎಂಬುದಷ್ಟೆ. ಅದು ಎಲ್ಲಿಯವರೆಗೆ ಬಂದಿತ್ತು ಎಂಬುದು ಜಾಬ್‌ಗೆ ಮಾತ್ರ ಗೊತ್ತು, ಅದೂ ನಾವು ಅದನ್ನು ಬರೆದಿಡಿಸಿದ್ದರೆ. ಹಾಗಾಗಿ ಕ್ರ್ಯಾಶ್‌ನಿಂದ ಚೇತರಿಸಿಕೊಳ್ಳುವ ಕೆಲಸ ಕ್ರ್ಯಾಶ್ ಆದ ರಾತ್ರಿ ಶುರುವಾಗುವುದಿಲ್ಲ. ಜಾಬ್‌ನ ಕೋಡ್ ಬರೆದ ದಿನವೇ ಅದರ ಮುಕ್ಕಾಲು ಪಾಲು ಮುಗಿದಿರಬೇಕು.

ಡೇಟಾಬೇಸ್ ಮೂಲಕವೇ ಮಾತುಕತೆ

ಒಂದು ನಿಜವಾದ ಷೆಡ್ಯೂಲರ್ ಹಿಡಿದು ಹೋಗೋಣ. ಜಾವಾದಲ್ಲಿ ಕೆಲಸ ಮಾಡುವ ನಮ್ಮಲ್ಲಿ ಬಹಳ ಮಂದಿ ಕ್ವಾರ್ಟ್ಜ್ ಬಳಸಿರುತ್ತೀರಿ. ಅದರ ಕ್ಲಸ್ಟರ್‌ನಲ್ಲಿ ನೋಡ್‌ಗಳು ನೇರವಾಗಿ ಒಂದರೊಡನೊಂದು ಮಾತಾಡುವುದೇ ಇಲ್ಲ. ಎಲ್ಲವೂ ಒಂದೇ ಡೇಟಾಬೇಸ್‌ನ ಕೆಲವು ಟೇಬಲ್‌ಗಳ ಮೂಲಕ ನಡೆಯುತ್ತದೆ.

ಕ್ರ್ಯಾಶ್‌ನ ಮಟ್ಟಿಗೆ ನಮಗೆ ಮುಖ್ಯವಾದವು ಮೂರು. ಷೆಡ್ಯೂಲರ್ ಸ್ಟೇಟ್ ಎಂಬ ಟೇಬಲ್ ಹಾಜರಿ ಪುಸ್ತಕ ಇದ್ದಂತೆ: ಪ್ರತಿ ನೋಡ್ ಕೆಲವು ಸೆಕೆಂಡಿಗೊಮ್ಮೆ ಬಂದು ತನ್ನ ಹೆಸರಿನ ಮುಂದೆ ಹೊತ್ತು ಬರೆದು ಹೋಗುತ್ತದೆ. ಟ್ರಿಗರ್ ಎಂದರೆ ಜಾಬ್ ಯಾವ ಹೊತ್ತಿಗೆ ಓಡಬೇಕು ಎಂಬ ನಿಗದಿ. ಫೈರ್ಡ್ ಟ್ರಿಗರ್ಸ್ ಎಂಬ ಟೇಬಲ್‌ನಲ್ಲಿ ಯಾವ ನೋಡ್ ಯಾವ ಜಾಬನ್ನು ಕೈಗೆತ್ತಿಕೊಂಡಿದೆ ಎಂಬ ದಾಖಲೆ ಇರುತ್ತದೆ. ಎತ್ತಿಕೊಂಡಾಗ ಸಾಲು ಸೇರುತ್ತದೆ, ಓಡಲು ಶುರುವಾದಾಗ ಅದರ ಸ್ಥಿತಿ ಬದಲಾಗುತ್ತದೆ, ಮುಗಿದಾಗ ಸಾಲು ಅಳಿಯುತ್ತದೆ. ಮೂರನೆಯದು ಲಾಕ್ಸ್. ಇಬ್ಬರು ಒಟ್ಟಿಗೆ ಒಂದೇ ಟ್ರಿಗರ್ ಎತ್ತಿಕೊಳ್ಳದಂತೆ ಅಲ್ಲಿನ ಸಾಲೊಂದನ್ನು ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಮಾಡಿ ಹಿಡಿದುಕೊಳ್ಳುತ್ತಾರೆ.

ನೋಡ್ ಸತ್ತಿದೆ ಎಂದು ಉಳಿದವರು ತೀರ್ಮಾನಿಸುವ ಲೆಕ್ಕ ನನಗೆ ತುಂಬ ಇಷ್ಟ. ಇನ್ನೊಬ್ಬನ ಕೊನೆಯ ಹಾಜರಿಯ ಹೊತ್ತಿಗೆ ಅವನ ಹಾಜರಿಯ ಅಂತರವನ್ನು ಕೂಡಿಸಬೇಕು, ಅದರ ಮೇಲೆ ಇನ್ನೂ 7.5 ಸೆಕೆಂಡ್ ರಿಯಾಯಿತಿ ಕೊಡಬೇಕು. ಅದೂ ದಾಟಿದರೆ ಸತ್ತ ಎಂದರ್ಥ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ‘ನಾನೇ ಹಾಜರಿ ಹಾಕಿ ಎಷ್ಟು ಹೊತ್ತಾಯಿತು’ ಎಂಬುದನ್ನೂ ನೋಡ್ ಲೆಕ್ಕ ಹಾಕುತ್ತದೆ. ಅದು ಆ ಅಂತರಕ್ಕಿಂತ ಹೆಚ್ಚಿದ್ದರೆ, ಅಂತರದ ಬದಲು ಅದನ್ನೇ ಕೂಡಿಸುತ್ತದೆ. ಅಂದರೆ ಡೇಟಾಬೇಸ್ ನಿಧಾನವಾಗಿ ಎಲ್ಲರೂ ತಡವಾಗಿದ್ದಾಗ, ತಾನೇ ತಡವಾದವನು ಇನ್ನೊಬ್ಬನನ್ನು ಸತ್ತನೆಂದು ಸಾರುವುದಿಲ್ಲ. ಹಂಚಿಕೊಂಡು ದುಡಿಯುವ ವ್ಯವಸ್ಥೆಗಳಲ್ಲಿ ಇಂಥ ವಿವೇಕವನ್ನು ಕಂಡರೆ ಅದನ್ನು ಬರೆದವರ ಬಗ್ಗೆ ಗೌರವ ಹುಟ್ಟುತ್ತದೆ.

ಈ ಲೆಕ್ಕ ನಿಂತಿರುವುದು ಗಡಿಯಾರದ ಮೇಲೆ. ಬರೆಯುವವನು ತನ್ನ ಯಂತ್ರದ ಹೊತ್ತನ್ನು ಬರೆಯುತ್ತಾನೆ, ಓದುವವನು ತನ್ನ ಯಂತ್ರದ ಹೊತ್ತಿನೊಡನೆ ಹೋಲಿಸುತ್ತಾನೆ. ನೋಡ್‌ಗಳ ಗಡಿಯಾರಗಳ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂದು ಕ್ವಾರ್ಟ್ಜ್‌ನ ಕೈಪಿಡಿ ಖಂಡಿತವಾಗಿ ಹೇಳುತ್ತದೆ. ಕ್ರ್ಯಾಶ್ ಆಗಿ ಮತ್ತೆ ಎದ್ದ ಯಂತ್ರದಲ್ಲಿ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಹೊಂದಾಣಿಕೆ ಆಗುವ ಮುಂಚೆಯೇ ಷೆಡ್ಯೂಲರ್ ಶುರುವಾದರೆ ಏನಾಗಬಹುದು ಯೋಚಿಸಿ. ಸರ್ವಿಸ್ ಶುರುವಾಗುವ ಕ್ರಮದಲ್ಲಿ ಗಡಿಯಾರದ ಹೊಂದಾಣಿಕೆಯನ್ನು ಮುಂದಿಡಿ.

ಸತ್ತವನ ಪಾಲು ಹಂಚುವ ಬಗೆ

ಸತ್ತ ನೋಡ್‌ನ ಹೆಸರಿನಲ್ಲಿರುವ ಫೈರ್ಡ್ ಟ್ರಿಗರ್ ಸಾಲುಗಳನ್ನು ಬದುಕಿರುವ ಒಂದು ನೋಡ್ ಒಂದೊಂದಾಗಿ ನೋಡುತ್ತದೆ. ಎತ್ತಿಕೊಂಡಿದ್ದು ಇನ್ನೂ ಓಡಿಸದಿದ್ದರೆ ಸುಲಭ: ಆ ಟ್ರಿಗರನ್ನು ಕಾಯುವ ಸ್ಥಿತಿಗೆ ವಾಪಸ್ ಬಿಡುತ್ತದೆ. ಓಡುತ್ತಿದ್ದ ಜಾಬ್ ಆದರೆ ‘ರಿಕ್ವೆಸ್ಟ್ಸ್ ರಿಕವರಿ’ ಎಂಬ ಗುರುತು ಇದೆಯೇ ನೋಡುತ್ತದೆ. ಇದ್ದರೆ ‘ರಿಕವರಿಂಗ್ ಜಾಬ್ಸ್’ ಎಂಬ ಗುಂಪಿನಲ್ಲಿ ಹೊಸ ಟ್ರಿಗರ್ ಹುಟ್ಟಿಸಿ ಕೂಡಲೇ ಓಡಿಸುತ್ತದೆ. ಇಲ್ಲದಿದ್ದರೆ ಆ ಓಟವನ್ನು ಕೈಬಿಡುತ್ತದೆ. ಮುಂದಿನ ನಿಗದಿತ ಹೊತ್ತಿಗೆ ಅದು ಮತ್ತೆ ಬರುತ್ತದೆ, ಅಷ್ಟೆ.

ಆ ಗುರುತು ಮೊದಲಿನಿಂದ ಇರುವುದಿಲ್ಲ, ನಾವೇ ಹಾಕಬೇಕು. ‘ಇನ್ನೊಂದು ನೋಡ್ ನೋಡಿಕೊಳ್ಳುತ್ತೆ’ ಎಂದು ನಂಬಿ ನಿದ್ದೆ ಮಾಡುವ ಎಷ್ಟೋ ತಂಡಗಳ ಜಾಬ್‌ಗಳಲ್ಲಿ ಈ ಒಂದು ಸಾಲು ಇರುವುದಿಲ್ಲ. ಮುಂದಿನ ಓಟಗಳನ್ನು ಇನ್ನೊಂದು ನೋಡ್ ನಿಜಕ್ಕೂ ನೋಡಿಕೊಳ್ಳುತ್ತದೆ. ಅರ್ಧಕ್ಕೆ ನಿಂತ ಈ ಓಟವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹಾಗಂತ ಎಲ್ಲ ಜಾಬ್‌ಗೂ ಕಣ್ಣುಮುಚ್ಚಿ ಗುರುತು ಹಾಕುವುದೂ ಸರಿಯಲ್ಲ. ಐದು ನಿಮಿಷಕ್ಕೊಮ್ಮೆ ಕ್ಯಾಶ್ (ಬೇಗ ಸಿಗಲೆಂದು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಡೇಟಾ) ತುಂಬುವ ಜಾಬ್‌ಗೆ ಅದು ಬೇಡ. ದಿನಕ್ಕೊಂದು ಸಲ, ತಿಂಗಳಿಗೊಂದು ಸಲ ಓಡುವವಕ್ಕೆ ಬೇಕು, ಆದರೆ ಅವು ಎರಡು ಸಲ ಓಡಿದರೂ ಕೆಡದಂತೆ ಬರೆದಿದ್ದರೆ ಮಾತ್ರ. ಏಕೆಂದರೆ ಚೇತರಿಕೆಯ ಟ್ರಿಗರ್ ಜಾಬನ್ನು ಮೊದಲಿನಿಂದ ಓಡಿಸುತ್ತದೆ, ನಿಂತಲ್ಲಿಂದ ಅಲ್ಲ. ಇದಕ್ಕಿಂತ ಕಷ್ಟದ ಸಂದರ್ಭವೂ ಇದೆ. ಜಾಬ್ ತನ್ನ ಕೆಲಸ ಪೂರ್ತಿ ಮುಗಿಸಿ ಕಮಿಟ್ ಮಾಡಿದೆ, ಅಂದರೆ ಡೇಟಾಬೇಸ್‌ನಲ್ಲಿ ಕಾಯಂ ಮಾಡಿದೆ, ಫೈರ್ಡ್ ಟ್ರಿಗರ್ ಸಾಲು ಅಳಿಯುವ ಮುಂಚಿನ ಕ್ಷಣದಲ್ಲಿ ಯಂತ್ರ ಸತ್ತಿದೆ. ಉಳಿದವರ ಕಣ್ಣಿಗೆ ಅದು ಅರ್ಧಕ್ಕೆ ನಿಂತ ಜಾಬೇ. ಮುಗಿದ ಕೆಲಸವನ್ನೇ ಪೂರ್ತಿ ಮತ್ತೆ ಮಾಡುತ್ತಾರೆ.

ಇಲ್ಲೇ ಒಂದು ಎಚ್ಚರಿಕೆ. ಕ್ಲಸ್ಟರ್ ಸೆಟ್ಟಿಂಗ್ ಹಾಕದ ಒಂಟಿ ಕ್ವಾರ್ಟ್ಜ್ ಇನ್‌ಸ್ಟನ್ಸನ್ನು ಅದೇ ಟೇಬಲ್‌ಗಳ ಮೇಲೆ ಎಂದೂ ಶುರುಮಾಡಬೇಡಿ. ಕಾರಣ ಸರಳ. ಒಂಟಿ ಷೆಡ್ಯೂಲರ್ ಶುರುವಾದಾಗ ಟೇಬಲ್‌ನಲ್ಲಿ ಕಾಣುವುದೆಲ್ಲ ತನ್ನದೇ ಹಳೆಯ ಬಾಕಿ ಎಂದು ನಂಬುತ್ತದೆ. ಬೇರೆ ನೋಡ್‌ಗಳು ಹಿಡಿದಿರುವ ಟ್ರಿಗರ್‌ಗಳನ್ನೂ ಬಿಡಿಸಿಹಾಕುತ್ತದೆ, ಫೈರ್ಡ್ ಟ್ರಿಗರ್ ದಾಖಲೆಗಳನ್ನು ಅಳಿಸುತ್ತದೆ. ಕ್ರ್ಯಾಶ್ ಆದ ರಾತ್ರಿ ಯಾರಾದರೂ ‘ಏನಾಗಿದೆ ನೋಡೋಣ’ ಎಂದು ತಮ್ಮ ಲ್ಯಾಪ್‌ಟಾಪನ್ನು ಪ್ರೊಡಕ್ಷನ್ ಡೇಟಾಬೇಸ್‌ಗೆ ಜೋಡಿಸಿ ಅಪ್ಲಿಕೇಶನ್ ಶುರುಮಾಡಿದರೆ, ಅಲ್ಲಿಯವರೆಗೆ ಸರಿಯಿದ್ದ ಜಾಬ್‌ಗಳೂ ಎರಡೆರಡು ಸಲ ಓಡತೊಡಗುತ್ತವೆ.

ಸತ್ತಿಲ್ಲದ ನೋಡ್

ನೆಟ್‌ವರ್ಕ್‌ನಾಚೆ ಇರುವ ಯಂತ್ರ ಸತ್ತಿದೆಯೋ ನಿಧಾನವಾಗಿದೆಯೋ ಎಂದು ಹೊರಗಿನಿಂದ ಖಚಿತವಾಗಿ ಹೇಳಲು ಬರುವುದಿಲ್ಲ. 1985ರಲ್ಲಿ ಫಿಶರ್, ಲಿಂಚ್ ಮತ್ತು ಪ್ಯಾಟರ್ಸನ್ ಪ್ರಕಟಿಸಿದ ಪ್ರಸಿದ್ಧ ಪ್ರಮೇಯದ ಬೇರು ಇರುವುದು ಇಲ್ಲೇ: ಸಂದೇಶ ಎಷ್ಟು ಹೊತ್ತಿಗಾದರೂ ಬರಬಹುದು ಎಂಬ ವ್ಯವಸ್ಥೆಯಲ್ಲಿ ಒಬ್ಬ ಸದಸ್ಯ ಸಾಯುವ ಸಾಧ್ಯತೆ ಇದ್ದರೂ ಸಾಕು, ಎಲ್ಲರೂ ಒಂದು ತೀರ್ಮಾನಕ್ಕೆ ಬಂದೇ ಬರುತ್ತಾರೆ ಎಂದು ಖಾತರಿ ಕೊಡಬಲ್ಲ ನಿಶ್ಚಿತ ವಿಧಾನವಿಲ್ಲ. ಟೈಮ್‌ಔಟ್ ಎಂದರೆ ಊಹೆ. ಒಳ್ಳೆಯ ಊಹೆ, ಆದರೂ ಊಹೆ.

ಈಗ ಒಂದು ನೋಡ್‌ನಲ್ಲಿ ಬೇಡವಾದ ಮೆಮೊರಿಯನ್ನು ತೆರವು ಮಾಡುವ ಜಾವಾದ ಗಾರ್ಬೇಜ್ ಕಲೆಕ್ಷನ್ ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿ ಅರ್ಧ ನಿಮಿಷ ತೆಗೆದುಕೊಂಡಿತು ಎನ್ನೋಣ. ಅಥವಾ ವರ್ಚುವಲ್ ಮಷೀನ್‌ನ ಸ್ನ್ಯಾಪ್‌ಶಾಟ್ ತೆಗೆಯುವಾಗ ಅದು ಸ್ತಬ್ಧವಾಯಿತು. ಉಳಿದವರು ಅದನ್ನು ಸತ್ತಿತೆಂದು ಎಣಿಸಿ ಅದರ ಜಾಬನ್ನು ಬೇರೆಡೆ ಶುರುಮಾಡಿದರು. ನಿದ್ದೆಯಿಂದ ಎದ್ದ ನೋಡ್‌ಗೆ ಇದಾವುದೂ ತಿಳಿದಿಲ್ಲ. ನಿಲ್ಲಿಸಿದ್ದ ಸಾಲಿನಿಂದಲೇ ಬಡ್ಡಿ ಸೇರಿಸುವುದನ್ನು ಮುಂದುವರಿಸುತ್ತದೆ. ಒಂದೇ ಹೊತ್ತಿಗೆ ಎರಡು ನೋಡ್‌ಗಳಲ್ಲಿ ಒಂದೇ ಜಾಬ್. ಏಕಕಾಲಕ್ಕೆ ಓಡಬಾರದು ಎಂದು ಜಾಬ್ ಮೇಲೆ ನೀವು ಬರೆದ ಗುರುತು ಇಲ್ಲಿ ಕಾಪಾಡುವುದಿಲ್ಲ. ಷೆಡ್ಯೂಲರ್‌ನ ದಾಖಲೆಯ ಪ್ರಕಾರ ಮೊದಲನೆಯದು ಸತ್ತಾಗಿದೆ. ಕ್ವಾರ್ಟ್ಜ್ ಈ ಸ್ಥಿತಿಯನ್ನು ಕಂಡುಹಿಡಿದಾಗ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ: ಈ ಇನ್‌ಸ್ಟನ್ಸ್ ಇನ್ನೂ ಚಾಲ್ತಿಯಲ್ಲಿದೆ, ಆದರೆ ಕ್ಲಸ್ಟರ್‌ನ ಇನ್ನೊಂದು ಇನ್‌ಸ್ಟನ್ಸ್ ಇದನ್ನು ರಿಕವರ್ ಮಾಡಿದೆ ಎಂದು. ಆ ಸಾಲಿಗೆ ಅಲರ್ಟ್ ಹಾಕಿ. ಅದು ಬಂತೆಂದರೆ ಎರಡು ಸಲ ನಡೆದ ಕೆಲಸ ಎಲ್ಲಿದೆ ಎಂದು ಹುಡುಕಲು ಶುರುಮಾಡಬೇಕು.

ಇದಕ್ಕೆ ಮದ್ದು ಫೆನ್ಸಿಂಗ್. ಪ್ರತಿ ಓಟಕ್ಕೂ ಏರುತ್ತ ಹೋಗುವ ಒಂದು ಸಂಖ್ಯೆ ಕೊಡಿ. ಡೇಟಾ ಬರೆಯುವ ಪ್ರತಿ ಹೆಜ್ಜೆಯಲ್ಲೂ ‘ನನ್ನ ಸಂಖ್ಯೆಯೇ ಈಗಲೂ ಚಾಲ್ತಿಯ ಸಂಖ್ಯೆಯೇ’ ಎಂದು ಡೇಟಾಬೇಸ್‌ನಲ್ಲಿ, ಅದೇ ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಬರಹಗಳ ಗುಂಪು) ಒಳಗೆ ಪರೀಕ್ಷಿಸಿ. ಹೊಸಬ ಬಂದಾಗ ಸಂಖ್ಯೆ ಏರಿರುತ್ತದೆ, ಹಳಬನ ಬರಹ ಬಾಗಿಲಲ್ಲೇ ನಿಲ್ಲುತ್ತದೆ. ಜಾಬ್ ಒಳಗಿನ ಕೋಡ್‌ನಲ್ಲಿ ‘ಇಫ್’ ಹಾಕಿ ಪರೀಕ್ಷಿಸಿದರೆ ಸಾಲದು, ಪರೀಕ್ಷೆಗೂ ಬರಹಕ್ಕೂ ನಡುವೆಯೇ ಆ ಅರ್ಧ ನಿಮಿಷದ ನಿದ್ದೆ ಬರಬಹುದು.

ಎಲ್ಲ ನಿಂತುಹೋಗುವ ಬಗೆ

ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ. ಒಂದು ನೋಡ್ ಸತ್ತಿದ್ದು, ಉಳಿದ ನೋಡ್‌ಗಳು ಚೆನ್ನಾಗಿಯೇ ಇದ್ದರೂ ಒಂದು ಜಾಬೂ ಓಡುತ್ತಿಲ್ಲ! ಪ್ರೋಸೆಸ್ ಮಾತ್ರ ಸತ್ತರೆ ಆ ಯಂತ್ರದ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬದುಕಿರುತ್ತದೆ, ಅದು ಡೇಟಾಬೇಸ್‌ನ ಕನೆಕ್ಷನ್ ಮುಚ್ಚುತ್ತದೆ, ಲಾಕ್ ಬಿಡುಗಡೆಯಾಗುತ್ತದೆ. ಕರೆಂಟೇ ಹೋದರೆ ಅಥವಾ ಕೇಬಲ್ ಕಿತ್ತರೆ ಡೇಟಾಬೇಸ್‌ಗೆ ಯಾರೂ ಸುದ್ದಿ ಮುಟ್ಟಿಸುವುದಿಲ್ಲ. ಸತ್ತ ನೋಡ್ ಆ ಕ್ಷಣದಲ್ಲಿ ಟ್ರಿಗರ್ ಲಾಕ್ ಹಿಡಿದಿದ್ದರೆ ಆ ಸಾಲು ಹಿಡಿದ ಹಾಗೇ ಉಳಿಯುತ್ತದೆ, ಉಳಿದವರೆಲ್ಲ ಅದರ ಹಿಂದೆ ಸರದಿ ನಿಲ್ಲುತ್ತಾರೆ. ಲಿನಕ್ಸ್‌ನಲ್ಲಿ ಆಚೆಯ ಯಂತ್ರ ಬದುಕಿದೆಯೇ ಎಂದು ನೋಡುವ ಟಿಸಿಪಿ ಕೀಪ್‌ಅಲೈವ್ ತಾನಾಗಿಯೇ ವಿಚಾರಿಸಲು ಹೊರಡುವುದು 7,200 ಸೆಕೆಂಡ್ ಅಂದರೆ ಎರಡು ಗಂಟೆ ಕಳೆದ ಮೇಲೆ. ಆಮೇಲೂ 75 ಸೆಕೆಂಡಿಗೊಂದರಂತೆ ಒಂಬತ್ತು ಸಲ ವಿಚಾರಿಸಿ ನಂತರ ಕೈಬಿಡುತ್ತದೆ.

ಪೋಸ್ಟ್‌ಗ್ರೆಸ್ ಬಳಸುವವರು ಕೀಪ್‌ಅಲೈವ್ ಅವಧಿಯನ್ನು ಡೇಟಾಬೇಸ್ ಸೆಟ್ಟಿಂಗ್‌ನಲ್ಲೇ ಒಂದೆರಡು ನಿಮಿಷಕ್ಕೆ ಇಳಿಸಬಹುದು. ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕೂತ ಸೆಷನ್ನನ್ನು ಕಡಿದುಹಾಕುವ ಟೈಮ್‌ಔಟ್ 9.6ನೇ ಆವೃತ್ತಿಯಿಂದ ಇದೆ. ಇವೆರಡನ್ನೂ ಇವತ್ತು ರಾತ್ರಿಯೇ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಕ್ರ್ಯಾಶ್ ಆದ ಹೊತ್ತಿನಲ್ಲಿ ಲಾಕ್ ಹಿಡಿದ ಸೆಷನ್ ಯಾವ ಐಪಿಯಿಂದ ಬಂದದ್ದು ಎಂದು ಮೊದಲು ನೋಡಿ. ಅದು ಸತ್ತ ಯಂತ್ರದ್ದೇ ಎಂದು ಖಾತ್ರಿಯಾದರೆ ಆ ಸೆಷನ್ನನ್ನು ಮಾತ್ರ ಕೊನೆಗೊಳಿಸಿ. ಲಾಕ್ಸ್ ಟೇಬಲ್‌ನ ಸಾಲುಗಳನ್ನು ಕೈಯಾರೆ ಅಳಿಸುವುದು, ಟ್ರಿಗರ್‌ಗಳ ಸ್ಥಿತಿಯನ್ನು ಎಸ್‌ಕ್ಯುಎಲ್‌ನಿಂದ ತಿದ್ದುವುದು, ಇವೆಲ್ಲ ನೋಡ್‌ಗಳು ಓಡುತ್ತಿರುವಾಗ ಮಾಡುವ ಕೆಲಸಗಳಲ್ಲ. ತಿದ್ದಲೇಬೇಕಾದರೆ ಎಲ್ಲ ನೋಡ್‌ಗಳನ್ನೂ ನಿಲ್ಲಿಸಿ, ಟೇಬಲ್‌ಗಳ ಪ್ರತಿ ತೆಗೆದಿಟ್ಟು ತಿದ್ದಿ.

ಬಾಕಿ ಬಿದ್ದ ಹೊತ್ತು

ರಿಕವರಿ ಬೇರೆ, ಮಿಸ್‌ಫೈರ್ ಬೇರೆ. ಶುರುವಾಗಿ ಮುರಿದದ್ದಕ್ಕೆ ರಿಕವರಿ. ಹೊತ್ತು ಬಂದರೂ ಶುರುವಾಗದೇ ಹೋದದ್ದಕ್ಕೆ ಮಿಸ್‌ಫೈರ್. ಇಡೀ ಕ್ಲಸ್ಟರ್ ಆರು ಗಂಟೆ ಮಲಗಿತ್ತು ಎಂದರೆ ಐದು ನಿಮಿಷದ ಜಾಬ್‌ಗೆ 72 ಸರದಿ ತಪ್ಪಿವೆ. ಕ್ವಾರ್ಟ್ಜ್‌ನ ಕ್ರಾನ್ ಟ್ರಿಗರ್ (ಗಡಿಯಾರ, ದಿನಾಂಕ ನೋಡಿ ಓಡಿಸುವ ಟ್ರಿಗರ್) ತಾನಾಗಿ ಮಾಡುವುದು ಒಂದೇ ಒಂದು ಸಲ ಈಗಲೇ ಓಡಿಸಿ ಮುಂದಿನ ಹೊತ್ತಿಗೆ ಕಾಯುವುದು. ಬೇಕಿದ್ದರೆ ಎಲ್ಲ 72 ಸರದಿಯನ್ನೂ ಒಂದರ ಹಿಂದೊಂದು ಓಡಿಸಬಹುದು, ಅಥವಾ ಯಾವುದೂ ಬೇಡ ಎನ್ನಬಹುದು.

‘ಕಳೆದ ಐದು ನಿಮಿಷದ ದಾಖಲೆ ತೆಗೆ’ ಎಂದು ಬರೆದ ಜಾಬ್ ಒಂದೇ ಸಲ ಓಡಿದರೆ ಐದು ಗಂಟೆ ಐವತ್ತೈದು ನಿಮಿಷದ ಡೇಟಾ ಸದ್ದಿಲ್ಲದೆ ತಪ್ಪಿಹೋಗುತ್ತದೆ. ಎರರ್ ಇಲ್ಲ, ಅಲರ್ಟ್ ಇಲ್ಲ. ‘ಕೊನೆಗೆ ಎಲ್ಲಿಯವರೆಗೆ ಮುಗಿಸಿದ್ದೆನೋ ಅಲ್ಲಿಂದ ಇಲ್ಲಿಯವರೆಗೆ’ ಎಂದು ಬರೆದ ಜಾಬ್‌ಗೆ ಒಂದು ಓಟ ಸಾಕು. ಇಡೀ ಉಪನ್ಯಾಸದಲ್ಲಿ ಒಂದನ್ನೇ ಮನೆಗೆ ಒಯ್ಯುವುದಿದ್ದರೆ ಇದನ್ನು ಒಯ್ಯಿರಿ.

ಬಾಕಿಯ ಬೆಲೆ ಎಷ್ಟು ಎಂದು ಜಗತ್ತು ಕಂಡದ್ದು 2012ರ ಜೂನ್‌ನಲ್ಲಿ. ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಸಮೂಹದಲ್ಲಿ ಸರ್ವರ್ ಸತ್ತಿರಲಿಲ್ಲ. ರಾತ್ರಿಯ ಬ್ಯಾಚ್ ಷೆಡ್ಯೂಲರ್ ತಂತ್ರಾಂಶವನ್ನು ಜೂನ್ 17ರಂದು ಮೇಲ್ದರ್ಜೆಗೇರಿಸಿದ್ದರು. ಮರುದಿನ ತೊಂದರೆ ಕಂಡಿತು. ಅದರ ಪರಿಣಾಮ ಏನಾಗಬಹುದೆಂದು ಪರೀಕ್ಷಿಸದೆ ಹಳೆಯ ಆವೃತ್ತಿಗೆ ಹಿಂತಿರುಗಿದರು. ಎರಡೂ ಹೊಂದಲಿಲ್ಲ, ಜಾಬ್‌ಗಳ ಸರದಿ ಕಲಸಿತು. ಒಂದು ದಿನದ ಬ್ಯಾಚ್ ಮುಗಿಯದೆ ಮರುದಿನದ್ದು ಶುರುಮಾಡಲಾಗದು, ಹೀಗೆ ಬಾಕಿ ಬೆಳೆಯಿತು. 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತಟ್ಟಿತು. ಮನೆ ಸಾಲದ ಕಂತು ತಪ್ಪಿತು, ಪರದೇಶದಲ್ಲಿದ್ದವರ ಕೈಯಲ್ಲಿ ಹಣವಿಲ್ಲದಂತಾಯಿತು, ಕೆಲವು ಸಂಸ್ಥೆಗಳಿಗೆ ಸಂಬಳ ಕೊಡಲಾಗಲಿಲ್ಲ. ಐರ್ಲೆಂಡ್‌ನ ಅಲ್‌ಸ್ಟರ್ ಬ್ಯಾಂಕ್ ಸರಿಹೋಗಲು ಜುಲೈ 10 ಬಂತು. 2014ರ ನವೆಂಬರ್‌ನಲ್ಲಿ ಬ್ರಿಟನ್ನಿನ ಎರಡು ನಿಯಂತ್ರಣ ಸಂಸ್ಥೆಗಳು ಒಟ್ಟು 5.6 ಕೋಟಿ ಪೌಂಡ್ ದಂಡ ಹಾಕಿದವು. ಮೊದಲ ತೊಂದರೆಗಿಂತ ಅವಸರದ ಚೇತರಿಕೆಯೇ ಹೆಚ್ಚು ಹಾನಿ ಮಾಡಿತು ಎಂಬುದು ನನ್ನ ಓದು.

ನಮ್ಮಲ್ಲಿ ಈಗ ರಾತ್ರಿ ಎಂಬ ಬಿಡುವೂ ಇಲ್ಲ. ನೆಫ್ಟ್ 2019ರ ಡಿಸೆಂಬರ್ 16ರಿಂದ ದಿನವಿಡೀ ನಡೆಯುತ್ತದೆ, ಅರ್ಧ ಗಂಟೆಗೊಂದರಂತೆ 48 ಬ್ಯಾಚ್. ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಾಗೆಯೇ. ಸಾಲದ ಕಂತು ಕಡಿತವಾಗುವ ನಾಚ್ 2021ರ ಆಗಸ್ಟ್‌ನಿಂದ ಭಾನುವಾರ, ರಜಾದಿನಗಳಲ್ಲೂ ಇದೆ. ‘ಬೆಳಗಾಗುವುದರೊಳಗೆ ಸರಿಮಾಡೋಣ’ ಎನ್ನುವ ಅವಕಾಶವೇ ಹೋಗಿದೆ.

ಎರಡು ಸಲ ಓಡಿದರೂ ಕೆಡದ ಜಾಬ್

ಇದನ್ನು ಮಾಡುವುದು ಹೇಗೆ? ಪ್ರತಿ ಓಟಕ್ಕೆ ಒಂದು ಗುರುತು ಬೇಕು: ಜಾಬ್‌ನ ಹೆಸರು ಮತ್ತು ನಿಗದಿತ ಹೊತ್ತು. ನಿಜವಾಗಿ ಓಡಿದ ಹೊತ್ತನ್ನು ಬಳಸಿದರೆ ಕೆಡುತ್ತದೆ, ಮರುಓಟದಲ್ಲಿ ಅದು ಬದಲಾಗುತ್ತದೆ. ಕ್ವಾರ್ಟ್ಜ್‌ನ ರಿಕವರಿ ಟ್ರಿಗರ್ ಮೂಲ ಟ್ರಿಗರ್‌ನ ಹೆಸರನ್ನೂ ನಿಗದಿತ ಹೊತ್ತನ್ನೂ ಜಾಬ್‌ಗೆ ತಲುಪಿಸುತ್ತದೆ, ‘ಇದು ಮರುಓಟವೇ’ ಎಂದು ಕೇಳಿ ತಿಳಿಯಲೂಬಹುದು. ಆ ಗುರುತಿಗೆ ಖಾತೆಯ ಸಂಖ್ಯೆ ಸೇರಿಸಿ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿ. ಬಡ್ಡಿ ಸೇರಿಸುವ ಟ್ರಾನ್ಸಾಕ್ಷನ್‌ನಲ್ಲೇ ಆ ಸಾಲನ್ನೂ ಬರೆಯಿರಿ. ಎರಡನೆಯ ಸಲ ಬಂದಾಗ ಡೇಟಾಬೇಸ್ ತಾನೇ ತಡೆಯುತ್ತದೆ. 40,000 ಖಾತೆಗಳನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕಬೇಡಿ, ಐನೂರರಂತೆ ತುಂಡು ಮಾಡಿ. ಆಗ ಮರುಓಟ ಮುಗಿದ ತುಂಡುಗಳನ್ನು ದಾಟಿ ಬೇಗ ನಿಂತಲ್ಲಿಗೆ ಬರುತ್ತದೆ.

ಇಮೇಲ್, ಎಸ್‌ಎಂಎಸ್, ಪಾವತಿ ಗೇಟ್‌ವೇಗಳು ನಮ್ಮ ಟ್ರಾನ್ಸಾಕ್ಷನ್‌ನ ಹೊರಗಿವೆ. ಕಳಿಸಬೇಕಾದದ್ದನ್ನು ಮೊದಲು ಒಂದು ಔಟ್‌ಬಾಕ್ಸ್ ಟೇಬಲ್‌ಗೆ ಬರೆಯಿರಿ, ಬೇರೊಂದು ಜಾಬ್ ಅದನ್ನು ಕಳಿಸಲಿ. ಆಚೆಯ ಸೇವೆ ಮನವಿಯ ಜೊತೆ ಒಂದು ಐಡೆಂಪೊಟೆನ್ಸಿ ಕೀ (ಅದೇ ಮನವಿ ಮತ್ತೆ ಬಂದರೆ ಪತ್ತೆಹಚ್ಚುವ ಗುರುತು) ತೆಗೆದುಕೊಳ್ಳುತ್ತದಾದರೆ ನಿಮ್ಮ ಓಟದ ಗುರುತನ್ನೇ ಕೊಡಿ. ತೆಗೆದುಕೊಳ್ಳದಿದ್ದರೆ, ಎರಡು ಎಸ್‌ಎಂಎಸ್ ಹೋಗುವುದು ವಾಸಿಯೋ ಒಂದೂ ಹೋಗದಿರುವುದು ವಾಸಿಯೋ ಎಂದು ನೀವೇ ಆರಿಸಬೇಕು. ಒಟಿಪಿಗೂ ಪಾವತಿಗೂ ಉತ್ತರ ಬೇರೆ ಬೇರೆ.

ಪರೀಕ್ಷೆಯ ಬಗ್ಗೆ ಒಂದು ಮಾತು. ಬಹಳ ತಂಡಗಳು ‘ಕಿಲ್ ಮೈನಸ್ ನೈನ್’ ಹೊಡೆದು, ಅಂದರೆ ಪ್ರೋಸೆಸನ್ನು ಒಮ್ಮೆಲೇ ಕೊಂದು, ಫೇಲ್‌ಓವರ್ (ಕೆಲಸ ಇನ್ನೊಂದು ನೋಡ್‌ಗೆ ಹೋಗುವುದು) ಪರೀಕ್ಷೆ ಆಯಿತು ಎನ್ನುತ್ತವೆ. ಅದು ತೀರ ಸೌಮ್ಯವಾದ ಸಾವು, ಕರ್ನೆಲ್ ಎಲ್ಲ ಬಾಗಿಲನ್ನೂ ಮುಚ್ಚಿ ಕೊಡುತ್ತದೆ. ಜಾಬ್ ಓಡುವಾಗ ಪ್ರೋಸೆಸನ್ನು ಸ್ತಬ್ಧಗೊಳಿಸುವ ‘ಸಿಗ್‌ಸ್ಟಾಪ್’ ಕಳಿಸಿ, ಒಂದು ನಿಮಿಷ ಬಿಟ್ಟು ಅದನ್ನು ಎಬ್ಬಿಸುವ ‘ಸಿಗ್‌ಕಂಟ್’ ಕಳಿಸಿ. ಸತ್ತು ಎದ್ದ ನೋಡ್ ಏನು ಮಾಡುತ್ತದೆ ನೋಡಿ. ಆಮೇಲೆ ಫೈರ್‌ವಾಲ್ ನಿಯಮ ಹಾಕಿ ಡೇಟಾಬೇಸ್ ಕಡೆಯ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸಿ, ಲಾಕ್ ಎಷ್ಟು ಹೊತ್ತಿಗೆ ಬಿಡುಗಡೆಯಾಗುತ್ತದೆ ಅಳೆಯಿರಿ.

ಪ್ರಶ್ನೆಗಳು

*ನಾವು ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ನ ಸ್ವಂತ ಷೆಡ್ಯೂಲರ್ ಆದ ಕ್ರಾನ್‌ಜಾಬ್‌ಗೆ ಹೋಗುತ್ತಿದ್ದೇವೆ. ಈ ಕಷ್ಟಗಳು ತಪ್ಪುತ್ತವೆಯೇ?*

ಡೇಟಾಬೇಸ್ ಲಾಕ್‌ನ ಕಷ್ಟ ತಪ್ಪುತ್ತದೆ. ಮೂಲ ಪ್ರಶ್ನೆ ತಪ್ಪುವುದಿಲ್ಲ. ಕೆಲವೊಮ್ಮೆ ಎರಡು ಜಾಬ್ ಹುಟ್ಟಬಹುದು, ಕೆಲವೊಮ್ಮೆ ಒಂದೂ ಹುಟ್ಟದಿರಬಹುದು, ಆದ್ದರಿಂದ ಎರಡು ಸಲ ಓಡಿದರೂ ಕೆಡದಂತೆ ಬರೆಯಿರಿ ಎಂದು ಅದರ ದಾಖಲೆಯೇ ಹೇಳುತ್ತದೆ. ತಡವಾದರೆ ಎಷ್ಟು ಹೊತ್ತಿನವರೆಗೆ ಶುರುಮಾಡಬಹುದು ಎಂಬ ಗಡುವು, ಹಿಂದಿನದು ಓಡುತ್ತಿದ್ದರೆ ಏನು ಮಾಡಬೇಕು ಎಂಬ ನೀತಿ, ಇವೆರಡನ್ನು ಬರೆಯದೆ ಬಿಡಬೇಡಿ.

*ನಮ್ಮಲ್ಲಿ ಜಾವಾದ ಸ್ಪ್ರಿಂಗ್ ಷೆಡ್ಯೂಲರ್ ಜೊತೆ, ಒಂದೇ ಜಾಬ್ ಎರಡು ನೋಡ್‌ಗಳಲ್ಲಿ ಒಟ್ಟಿಗೆ ಓಡದಂತೆ ತಡೆಯುವ ಶೆಡ್‌ಲಾಕ್ ಇದೆ. ಅದು ಸಾಕಲ್ಲವೇ?*

ಅದು ಲಾಕ್, ಷೆಡ್ಯೂಲರ್ ಅಲ್ಲ ಎಂದು ಅದನ್ನು ಬರೆದವರೇ ಸ್ಪಷ್ಟವಾಗಿ ಹೇಳಿದ್ದಾರೆ. ನೋಡ್ ಸತ್ತರೆ ನೀವು ಕೊಟ್ಟ ಗರಿಷ್ಠ ಅವಧಿ ಮುಗಿಯುವವರೆಗೆ ಲಾಕ್ ಹಾಗೇ ಇರುತ್ತದೆ, ಅಷ್ಟರೊಳಗೆ ಬಂದ ಸರದಿಗಳು ಹೋದವು. ಮುರಿದ ಓಟವನ್ನು ಯಾರೂ ಮತ್ತೆ ಶುರುಮಾಡುವುದಿಲ್ಲ. ಆ ಅವಧಿಯನ್ನು ಚಿಕ್ಕದು ಮಾಡಿದರೆ ಇನ್ನೊಂದು ಅಪಾಯ: ಜಾಬ್ ಅದಕ್ಕಿಂತ ಹೆಚ್ಚು ಹೊತ್ತು ಓಡಿದರೆ ಎರಡನೆಯ ನೋಡ್ ಲಾಕ್ ಪಡೆದು ಜೊತೆಗೇ ಶುರುಮಾಡುತ್ತದೆ. ಹಾಗಾಗಿ ಜಾಬ್ ಸಾಮಾನ್ಯವಾಗಿ ತೆಗೆದುಕೊಳ್ಳುವ ಹೊತ್ತಿಗಿಂತ ಅವಧಿ ಸಾಕಷ್ಟು ದೊಡ್ಡದಿರಲಿ. ಕೊನೆಯ ಯಶಸ್ವಿ ಓಟ ಯಾವಾಗ ಮುಗಿಯಿತು ಎಂಬುದನ್ನು ಬೇರೆ ಟೇಬಲ್‌ನಲ್ಲಿ ಬರೆದು, ಅದು ಹಳೆಯದಾದರೆ ಅಲರ್ಟ್ ಬರುವಂತೆ ಮಾಡಿ. ಐದು ನಿಮಿಷದ ಜಾಬ್‌ಗಳಿಗೆ ಇಷ್ಟು ಸಾಕು. ತಿಂಗಳ ಕೊನೆಯ ಬಿಲ್ಲಿಂಗ್ ಓಡುತ್ತಿರುವುದು ಅದರ ಮೇಲಾದರೆ, ಆ ಒಂದು ಜಾಬನ್ನಾದರೂ ರಿಕವರಿ ಇರುವ ಷೆಡ್ಯೂಲರ್‌ಗೆ ವರ್ಗಾಯಿಸಿ.